ಬಸವನಹುಳುವಿನ ಬೆನ್ನಿಗೊಂದು ಇಂಟು ಮಾರ್ಕು

ಲೆಕ್ಕದ ಮೇಷ್ಟ್ರಿಗೆ ಜೀವ ಇರುವ ವಸ್ತುಗಳ ಮೇಲೆ ಅಷ್ಟಾಗಿ ವಿಶ್ವಾಸವಿರಲಿಲ್ಲ. ಬೋರ್ಡಿನ ಮೇಲೆ ತ್ರಿಕೋನ ಬರೆದಿಟ್ಟು ಊಟಕ್ಕೆ ಹೋಗಿ ಬಂದರೆ ಅದು ಅಲ್ಲೇ ಇರುತ್ತದೆ, ಹಲ್ಲಿ ಹಾಗಲ್ಲ. ಮನೆಯಲ್ಲಿ ಜಿರಲೆ ಕಂಡರೆ ಮೇಷ್ಟ್ರು ಸ್ಟೂಲು ಹತ್ತುತ್ತಿದ್ದರು, ಅವರ ಹೆಂಡತಿ ಪೊರಕೆ ಎತ್ತುತ್ತಿದ್ದರು. ಮದುವೆಯಾದ ಹೊಸತರಲ್ಲೇ ಆದ ಈ ಕೆಲಸದ ಹಂಚಿಕೆಯಿಂದ ಜಿರಲೆಯೊಂದನ್ನು ಬಿಟ್ಟು ಯಾರಿಗೂ ತೊಂದರೆಯಾಗಿರಲಿಲ್ಲ. ಇಂಥವರು ಒಂದು ಮಧ್ಯಾಹ್ನ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಸವನಹುಳುಗಳ ಬೆನ್ನಿಗೆ ಉಗುರುಬಣ್ಣ ಬಳಿಯುವಂತಾಯಿತೆಂದರೆ ಅದಕ್ಕೆ ಗ್ರಹಚಾರ ಕಾರಣವಲ್ಲ. ಬಾಯಿ ಕಾರಣ.

ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತು. ಜೀವಶಾಸ್ತ್ರದ ಮೇಡಂ ಸಂಕಟದಲ್ಲಿದ್ದರು. ಮಳೆ ಹಿಡಿದಾಗಿನಿಂದ ಶಾಲೆಯ ತೋಟದ ತುಂಬ ಬಸವನಹುಳು. ಮಕ್ಕಳು ಬೆಳೆಸಿದ ಟೊಮೇಟೊ ಗಿಡದ ಎಲೆಗಳೆಲ್ಲ ಜರಡಿಯಾಗಿದ್ದವು.

"ಎಷ್ಟಿವೆ ಅಂತ ಗೊತ್ತಾದ್ರೆ ಏನಾದ್ರೂ ಮಾಡಬಹುದು. ಆದ್ರೆ ಎಣಿಸೋದು ಹೇಗೆ? ಈ ಕಡೆಯವನ್ನ ಎಣಿಸೋ ಹೊತ್ತಿಗೆ ಆ ಕಡೆಯವು ಈ ಕಡೆಗೆ ಬಂದಿರ್ತವೆ" ಎಂದರು ಮೇಡಂ.

ಸುಮ್ಮನೆ ಚಹಾ ಕುಡಿದಿದ್ದರೆ ಆಗುತ್ತಿತ್ತು. ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದು, "ಎಣಿಸೋದ್ಯಾಕೆ ಮೇಡಂ? ಎಣಿಸೋದು ಅಂಗಡಿಯವರ ಕೆಲಸ. ಗಣಿತ ಗೊತ್ತಿದ್ದೋನು ಎಣಿಸದೇನೇ ಹೇಳ್ತಾನೆ" ಎಂದರು.

"ಅದು ಹೇಗೆ ಸರ್?"

"ಒಂದು ಹತ್ತು ಹುಳ ಹಿಡೀರಿ. ಗುರುತು ಹಾಕಿ ಬಿಡಿ. ಅವು ಹೋಗಿ ಉಳಿದವುಗಳ ಜೊತೆ ಬೆರೀತವೆ. ಆಮೇಲೆ ಮತ್ತೆ ಹತ್ತು ಹಿಡೀರಿ. ಅದರಲ್ಲಿ ಒಂದಕ್ಕೆ ಮಾತ್ರ ಗುರುತಿದೆ ಅಂದ್ರೆ ಏನರ್ಥ? ಹತ್ತಕ್ಕೊಂದು. ನಾವು ಗುರುತು ಹಾಕಿದ್ದು ಹತ್ತು. ಹಾಗಾದ್ರೆ ಒಟ್ಟು ನೂರು. ಮುಗೀತು."

ಇದನ್ನು ಅವರು ಯಾವುದೋ ಪುಸ್ತಕದಲ್ಲಿ ಕೆರೆಯ ಮೀನಿನ ಲೆಕ್ಕವೆಂದು ಓದಿದ್ದರು. ಪುಸ್ತಕದ ಮೀನು ಕೈಗೆ ಅಂಟುವುದಿಲ್ಲ.

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಅವರ ಕೈಯಲ್ಲಿ ಮೇಲಿನಿಂದ ಬಂದ ಸುತ್ತೋಲೆ. 'ಗಣಿತವನ್ನೂ ಜೀವಶಾಸ್ತ್ರವನ್ನೂ ಪರಿಸರದ ಅಂಕಿಅಂಶಗಳ ಮೂಲಕ, ಕೈಯಾರೆ ಮಾಡುವ ಚಟುವಟಿಕೆಗಳಿಂದ ಬೆಸೆಯತಕ್ಕದ್ದು' ಎಂದು ಅದರಲ್ಲಿತ್ತು. ಬೆಸೆಯುವುದು ಹೇಗೆಂದು ತಿಳಿಯದೆ ಪ್ರಿನ್ಸಿಪಾಲರು ಅದನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದುದು ಇಡೀ ಶಾಲೆಗೆ ಗೊತ್ತಿತ್ತು.

"ಬೆಸುಗೆ ಅಂದ್ರೆ ಇದು!" ಎಂದು ಅವರು ಉದ್ಗರಿಸಿದರು. "ನೀವಿಬ್ಬರೂ ಸೇರಿ ಮಾಡಿ. ಲೆಕ್ಕ ನಿಮ್ದು, ಹುಳ ಅವರದು. ಮಕ್ಕಳನ್ನ ಕರ್ಕೊಂಡು ಕೈಯಾರೆ ಮಾಡಿ."

"ಕೈಯಾರೆ ಅಂದ್ರೆ... ಕೈಯಲ್ಲೇನಾ ಸರ್?" ಎಂದು ಕೇಳಿದರು ಮೇಷ್ಟ್ರು. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

ಶುಕ್ರವಾರ ಮಧ್ಯಾಹ್ನ ತರಗತಿಯ ಮಕ್ಕಳೆಲ್ಲ ತೋಟಕ್ಕಿಳಿದರು. ಬಸವನಹುಳು ಹಿಡಿಯುವುದರಲ್ಲಿ ಮಕ್ಕಳಿಗೆ ಪಾಠ ಬೇಕಾಗಲಿಲ್ಲ. ನೋಡುತ್ತಿದ್ದಂತೆ ಟ್ರೇ ತುಂಬಿತು. ಗುರುತು ಹಾಕುವುದು ಗಣಿತದ ಜವಾಬ್ದಾರಿ ಎಂದು ಮೇಡಂ ಟ್ರೇಯನ್ನು ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಒದ್ದೆ ಚಿಪ್ಪಿನ ಮೇಲೆ ಅದು ಗಂಜಿಯಾಗಿ ಹರಿದುಹೋಯಿತು. ಮಕ್ಕಳು ನಕ್ಕರು.

"ಉಗುರುಬಣ್ಣ ಇದ್ರೆ ಚೆನ್ನಾಗಿ ಕೂರುತ್ತೆ ಸರ್. ಚಿಪ್ಪಿಗೆ ಮಾತ್ರ ಹಚ್ಚಬೇಕು, ಹುಳಕ್ಕೆ ತಾಗಬಾರದು" ಎಂದರು ಮೇಡಂ.

ಶಾಲೆಯ ಹಿಂದಿನ ಗೋಡೆಗೆ ಆತುಕೊಂಡಂತಿದ್ದ ಗಲ್ಲಿಯಲ್ಲೇ ಮೇಷ್ಟ್ರ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಅವರ ಹೆಂಡತಿಯ ಬ್ಯೂಟಿ ಪಾರ್ಲರ್. ಮೇಷ್ಟ್ರು ಓಡಿಹೋದಾಗ ಆಕೆ ಒಳಗೆ ಯಾರದೋ ತಲೆ ತೊಳೆಯುತ್ತಿದ್ದರು. ಕೇಳಿದ್ದರೆ ಹಳೆಯದೊಂದು ಬಾಟಲಿ ಕೊಡುತ್ತಿದ್ದರೋ ಏನೋ. ಆದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ಬಸವನಹುಳುವಿಗೆ ಎಂದು ತುಂಬಿದ ಪಾರ್ಲರಿನಲ್ಲಿ ಹೇಳುವುದು ಹೇಗೆ? ಮೇಷ್ಟ್ರು ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದೆ, ಅಂದಷ್ಟೇ ಬಂದು ಆಕೆ ಇನ್ನೂ ನೋಡಿರದ ಸರಕಿನ ಪೊಟ್ಟಣದಿಂದ ಇಣುಕುತ್ತಿದ್ದ ಕೆಂಪು ಬಾಟಲಿಯನ್ನು ಜೇಬಿಗಿಳಿಸಿ ಹೊರಟರು. ಅದು ಮದುಮಗಳೊಬ್ಬಳು ತನ್ನ ಸೀರೆಯ ಅಂಚು ತಂದು ಹೋಲಿಸಿ, ದೂರದಿಂದ ತರಿಸಿಕೊಂಡ ಬಣ್ಣವೆಂಬುದು ಅವರಿಗೆ ಗೊತ್ತಿರಲಿಲ್ಲ. ಕಳ್ಳರಿಗೆ ಸಾಮಾನ್ಯವಾಗಿ ಇಂಥದ್ದು ಗೊತ್ತಿರುವುದಿಲ್ಲ.

"ಒಂದು ಚುಕ್ಕೆ ಇಟ್ರೆ ಸಾಕು ಸರ್" ಎಂದರು ಮೇಡಂ.

"ಚುಕ್ಕೆ ಯಾರು ಬೇಕಾದ್ರೂ ಇಡ್ತಾರೆ. ನಾವು ಎಕ್ಸ್ ಹಾಕೋಣ. ಎಕ್ಸ್ ಅಂದ್ರೆ ಗೊತ್ತಿಲ್ಲದ ಸಂಖ್ಯೆ. ನಾವು ಹುಡುಕ್ತಿರೋದೂ ಅದನ್ನೇ ತಾನೇ?" ಎಂದು ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. ಮಕ್ಕಳಿಗೆ ಹೌದೆನಿಸಿತು. ಹೀಗೆ ಪ್ರತಿಯೊಂದು ಚಿಪ್ಪಿನ ಮೇಲೂ ರಕ್ತಗೆಂಪಿನ ಇಂಟು ಮಾರ್ಕು ಬಿತ್ತು. ಚಿಪ್ಪನ್ನು ಹಿಡಿದವರು ಮಕ್ಕಳು. ಮೇಷ್ಟ್ರು ತೋಳು ಪೂರ್ತಿ ಚಾಚಿ, ಮುಖವನ್ನು ಅತ್ತ ತಿರುಗಿಸಿ, ಬ್ರಷ್ಷಿನ ತುದಿಯಿಂದ ಗೆರೆ ಎಳೆದರು. ಅರ್ಧದಷ್ಟು ಇಂಟುಗಳು ಪ್ಲಸ್ಸಿನಂತೆ ಕಂಡರೆ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಬಸ್ಸಿಗೆ ಓಡಿದರು. "ತೋಟದ ತುಂಬ ಅಲ್ಲಲ್ಲಿ ಹರಡಿ ಬಿಡಿ ಸರ್, ಒಂದೇ ಕಡೆ ಸುರೀಬೇಡಿ" ಎಂದು ಹೇಳಿ ಮೇಡಂ ಕೂಡ ಹೊರಟರು. ಅವರ ಮನೆ ಪಟ್ಟಣದ ಆ ತುದಿಯಲ್ಲಿ. ಮೇಷ್ಟ್ರು ಟ್ರೇಯ ಜೊತೆ ಒಬ್ಬರೇ ಉಳಿದರು. ಒಂದು ಹುಳು ನಿಧಾನವಾಗಿ ಕೊಂಬು ಚಾಚಿ ಅವರ ಹೆಬ್ಬೆರಳಿನ ಕಡೆ ನೋಡಿತು. ಮೇಷ್ಟ್ರು ಹರಡುವ ಯೋಚನೆ ಬಿಟ್ಟು, ಗೋಡೆಯ ಬುಡದಲ್ಲಿ ಟ್ರೇ ಮಗುಚಿ, ಹಿಂದೆ ನೋಡದೆ ನಡೆದರು. ಗೋಡೆಯ ಆ ಜಾಗದಲ್ಲಿ ನೀರು ಹರಿದುಹೋಗಲು ಒಂದು ಕಿಂಡಿಯಿತ್ತು. ಆ ರಾತ್ರಿ ಮಳೆ ಬಂತು. ಕಿಂಡಿಯ ಆಚೆ ಗಲ್ಲಿ. ಗಲ್ಲಿಯಲ್ಲಿ ಮನೆಮನೆಗೂ ಹೂಕುಂಡ.

ಶನಿವಾರ ಬೆಳಗ್ಗೆ ಗಲ್ಲಿಯ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಹಲ್ಲುಜ್ಜುತ್ತ ತಮ್ಮ ಗುಲಾಬಿ ಕುಂಡದ ಬಳಿ ಬಂದವರು, ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನಿಂತರು. ನಿವೃತ್ತರಾದ ಮೇಲೆ ಅವರ ಜೀವನದಲ್ಲಿ ಗಂಭೀರವಾದದ್ದೇನೂ ನಡೆದಿರಲಿಲ್ಲ. ಈಗ ನಡೆಯಿತು.

ಅರ್ಧ ಗಂಟೆಯಲ್ಲಿ ಗಲ್ಲಿಯವರೆಲ್ಲ ಪಾರ್ಲರಿನ ಮುಂದೆ ಸೇರಿದ್ದರು. ಕಾರ್ಯದರ್ಶಿಗಳು ಒಂದು ಹುಳವನ್ನು ಧೂಳು ಬಾಚುವ ಮೊರದ ಮೇಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದರು.

"ಕೆಂಪು ಇಂಟು! ನಮ್ಮ ಆಫೀಸಲ್ಲಿ ಕೆಂಪು ಇಂಟು ಹಾಕಿದ್ರೆ ಆ ಫೈಲು ಮುಗೀತು ಅಂತಲೇ. ಯಾರೋ ತಿಳಿದೋರು ಪರೀಕ್ಷೆ ಮಾಡಿ, ವಿಷ ಅಂತ ಗೊತ್ತಾಗಿಯೇ ಹಾಕಿರೋದು. ಏನಂತೀರಿ ಮೇಷ್ಟ್ರೇ? ನೀವು ಓದಿದೋರು."

ಮೇಷ್ಟ್ರು ಬಾಯಿ ತೆರೆದರು. ಅದೇ ಗಳಿಗೆಗೆ ಪಾರ್ಲರಿನೊಳಗಿಂದ ಹೆಂಡತಿಯ ದನಿ ಕೇಳಿಸಿತು. ಆಕೆ ಫೋನಿನಲ್ಲಿ ಸರಕಿನವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಬಾಟಲಿ ಕಳಿಸಿದ್ದೀನಿ ಅಂತ ಬೇರೆ ಹೇಳ್ತೀರಲ್ರೀ! ಕಪಾಟೆಲ್ಲ ಜಾಲಾಡಿದೆ. ಇಲ್ಲಿ ಕಳ್ಳರು ಯಾರಿದ್ದಾರೆ, ನಾನು ಮತ್ತೆ ನಮ್ಮೆಜಮಾನ್ರು!"

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಈ ಸಂದರ್ಭಕ್ಕೇ ಹುಟ್ಟಿದ್ದಿರಬೇಕು. ಜೇಬಿನಲ್ಲಿದ್ದ ಬಾಟಲಿಯನ್ನು ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡರು.

"ಇದು... ಗಮನಿಸಬೇಕಾದ ವಿಷಯ" ಎಂದರು.

"ಕೇಳಿದ್ರಾ! ಮೇಷ್ಟ್ರೇ ಹೇಳಿದ್ಮೇಲೆ ಮುಗೀತು. ಈಗಿಂದೀಗ್ಲೇ ಒಂದು ಸಮಿತಿ ಮಾಡೋಣ. ಅಧ್ಯಕ್ಷರು ನೀವೇ!" ಎಂದರು ಕಾರ್ಯದರ್ಶಿಗಳು.

ಹೀಗೆ ಬಸವನಹುಳುಗಳಿಗೆ ಮಾರ್ಕು ಹಾಕಿದವರೇ ಮಾರ್ಕು ಹಾಕಿದ ಬಸವನಹುಳುಗಳ ನಿವಾರಣಾ ಸಮಿತಿಗೆ ಅಧ್ಯಕ್ಷರಾದರು. ಭಾನುವಾರವಿಡೀ ಗಲ್ಲಿಯವರು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಇಂಟು ಮಾರ್ಕಿನವನ್ನೇ ಹುಡುಕಿ ಹುಡುಕಿ ಬಕೆಟ್ಟಿಗೆ ಹಾಕಿದರು. ಮಾರ್ಕಿಲ್ಲದ ಹುಳು ಸಿಕ್ಕರೆ, "ಪಾಪ, ಇದು ಒಳ್ಳೇದು" ಎಂದು ಗೌರವದಿಂದ ಎಲೆಯ ಮೇಲೆ ಕೂರಿಸಿದರು. ಸಂಜೆಯ ಹೊತ್ತಿಗೆ ಇಂಟು ಇದ್ದ ಒಂದೂ ಹೊರಗೆ ಉಳಿಯಲಿಲ್ಲ. ಕಾರ್ಯದರ್ಶಿಗಳು ಬಕೆಟ್ಟಿಗೆ ಮುಚ್ಚಳ ಹಾಕಿ, ಮೇಲೊಂದು ಇಟ್ಟಿಗೆ ಹೇರಿ, ಬೇರೆ ಊರಿನಲ್ಲಿದ್ದ ತಮ್ಮ ಬೀಗರಿಗೆ ಫೋನು ಮಾಡಿ ಸಮಾಚಾರ ಮುಟ್ಟಿಸಿದರು. ಆ ಬೀಗರ ಊರಿನಲ್ಲಿ ಹೋದ ವರ್ಷ ಒಂದು ಸೇತುವೆ ಕುಸಿದಿತ್ತು. ಅಂದಿನಿಂದ ಅವರ ಆ ಸುದ್ದಿಗೆ ಸರಿಗಟ್ಟುವಂಥದ್ದು ಕಾರ್ಯದರ್ಶಿಗಳ ಬಳಿ ಏನೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಕಾರ್ಯದರ್ಶಿಗಳ ದೂರಿನ ಮೇಲೆ ಆರೋಗ್ಯ ಇನ್ಸ್‌ಪೆಕ್ಟರ್ ಬಂದರು. ಮುಚ್ಚಳ ಸರಿಸಿ ಇಣುಕಿದರು. ಇಂಥದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಗೊತ್ತಿಲ್ಲ ಎಂದರೆ ಇಲಾಖೆಯ ಮರ್ಯಾದೆ ಏನಾಗಬೇಕು?

"ನಮ್ಮ ಮೇಲಿನೋರೇ ಹಾಕಿಸಿರ್ತಾರೆ" ಎಂದರು. ಪಕ್ಕಕ್ಕೆ ಹೋಗಿ ಮೇಲಿನವರಿಗೆ ಫೋನು ಮಾಡಿದರು. ಮೇಲಿನವರೂ ಗೊತ್ತಿಲ್ಲ ಎನ್ನುವ ಪೈಕಿಯವರಲ್ಲ. "ಮಾರ್ಕ್ ಹಾಕಿ ಆಗಿದೆ ತಾನೇ? ಮತ್ತೇನು ನೋಡ್ತಿದ್ದೀರಿ, ಮುಂದಿನ ಕ್ರಮ ತಗೊಳ್ಳಿ" ಎಂದರಂತೆ.

"ಮುಂದಿನ ಕ್ರಮ ಅಂದ್ರೆ ಔಷಧಿ ಹೊಡೆಯೋದು. ಆದ್ರೆ ಎಷ್ಟು ಹುಳ ಇವೆ ಅಂತ ಗೊತ್ತಾಗಬೇಕು. ಎಷ್ಟು ಡ್ರಮ್ಮು ತರಿಸಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಲೆಕ್ಕ ತಾನೇ? ನಮ್ಮ ಸಮಿತಿ ಅಧ್ಯಕ್ಷರೇ ಲೆಕ್ಕದ ಮೇಷ್ಟ್ರು! ಶಾಲೇಲಿದ್ದಾರೆ, ಬನ್ನಿ ಕೇಳೋಣ."

ಶಾಲೆಯಲ್ಲಿ ಅದೇ ಹೊತ್ತಿಗೆ ಎರಡನೇ ಹಿಡಿತ ಮುಗಿದಿತ್ತು. ಮಕ್ಕಳು ಎರಡು ಟ್ರೇ ತುಂಬ ಹುಳು ಹಿಡಿದು ತಂದಿದ್ದರು. ಒಂದರ ಮೇಲೂ ಮಾರ್ಕಿರಲಿಲ್ಲ. ಮೇಡಂ ಒಂದೊಂದನ್ನೂ ತಿರುಗಿಸಿ ನೋಡಿದರು.

"ಅಷ್ಟಕ್ಕೆ ಹಾಕಿದ್ವಿ, ಒಂದೂ ಇಲ್ವಲ್ಲ! ಎಲ್ಲಿ ಹೋದವು ಸರ್?"

ಎಲ್ಲಿ ಹೋದವೆಂದು ಈ ಭೂಮಿಯ ಮೇಲೆ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ಮೇಷ್ಟ್ರಿಗೆ. ಅವರು ಮುಖ ತಪ್ಪಿಸಲು ಬೋರ್ಡಿನ ಕಡೆ ತಿರುಗಿ ಸೂತ್ರ ಬರೆದರು. ಗುರುತು ಹಾಕಿದ್ದನ್ನು ಈಗ ಹಿಡಿದದ್ದರಿಂದ ಗುಣಿಸಬೇಕು. ಬಂದದ್ದನ್ನು, ಈಗ ಹಿಡಿದವುಗಳಲ್ಲಿ ಗುರುತಿರುವವು ಎಷ್ಟೋ ಅಷ್ಟರಿಂದ ಭಾಗಿಸಬೇಕು. ಗುರುತಿರುವವು ಸೊನ್ನೆ. ಮೇಷ್ಟ್ರ ಕೈ ಗೆರೆಯ ಕೆಳಗೆ ಸೊನ್ನೆ ಬರೆದು ಅಲ್ಲೇ ನಿಂತುಬಿಟ್ಟಿತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮಾಡಬೇಡಿ ಎಂದು ಹೇಳಿಕೊಂಡು ಬಂದ ಕೆಲಸವನ್ನು ಅವರು ಹಾಡುಹಗಲೇ ಮಾಡಿದ್ದರು.

ಬಾಗಿಲಲ್ಲಿ ಪ್ರಿನ್ಸಿಪಾಲರು ಪ್ರತ್ಯಕ್ಷರಾದರು. ಹಿಂದೆ ಇನ್ಸ್‌ಪೆಕ್ಟರ್, ಅವರ ಹಿಂದೆ ಕಾರ್ಯದರ್ಶಿಗಳು. ಪ್ರಿನ್ಸಿಪಾಲರಿಗೆ ತಮ್ಮ ಬೆಸುಗೆಯನ್ನು ನೋಡಲು ಸರಕಾರವೇ ನಡೆದು ಬಂದಿದೆ ಎಂಬ ಸಂಭ್ರಮ.

"ನೋಡಿ, ನಮ್ಮ ಮಕ್ಕಳು ಬಸವನಹುಳು ಲೆಕ್ಕವನ್ನೇ ಮಾಡ್ತಿದ್ದಾರೆ!"

"ಹೌದಾ? ಎಷ್ಟಿವೆ?" ಎಂದು ಇನ್ಸ್‌ಪೆಕ್ಟರ್ ನೇರವಾಗಿ ಕೇಳಿದರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬೋರ್ಡನ್ನೊಮ್ಮೆ ನೋಡಿ, ಎದ್ದು ನಿಂತು, ಗಟ್ಟಿಯಾಗಿ ಹೇಳಿದಳು: "ಅನಂತ ಸರ್!"

"ಅನಂತ ಅಂದ್ರೆ?"

"ಅಂದ್ರೆ ಕೊನೇನೇ ಇಲ್ಲ ಸರ್."

"ಹಾಗೆ ಹೇಳೋ ಹಾಗಿಲ್ಲಮ್ಮ, ಸೊನ್ನೆಯಿಂದ ಭಾಗಿಸಿದ್ರೆ ಅದಕ್ಕೆ ಅರ್ಥವೇ—" ಎಂದು ಮೇಷ್ಟ್ರು ತಿದ್ದಲು ಹೊರಟರು. ತಿದ್ದುಪಡಿಯನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಕಾರ್ಯದರ್ಶಿಗಳು ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದರು. "ಅನಂತವಂತೆ! ಮೇಷ್ಟ್ರು ಬೋರ್ಡ್ ಮೇಲೆ ಬರೆದೇ ಬಿಟ್ಟಿದ್ದಾರೆ!" ಎಂಬ ಕೂಗು ಗೋಡೆಯಾಚೆಯಿಂದ ಕೇಳಿಸಿತು. ಇನ್ಸ್‌ಪೆಕ್ಟರ್ ಫೋನಿನಲ್ಲಿ, "ಇರೋ ಡ್ರಮ್ಮೆಲ್ಲ ಹಾಕ್ಕೊಂಡು ಬನ್ನಿ. ಗಲ್ಲಿ, ಗೋಡೆ, ಶಾಲೆ ತೋಟ, ಯಾವುದನ್ನೂ ಬಿಡಬೇಡಿ" ಎನ್ನುತ್ತ ಅವರ ಹಿಂದೆಯೇ ಹೋದರು.

ಮೇಡಂ ಮುಖ ಬಿಳಿಚಿತು. "ತೋಟಕ್ಕಾ? ಅಷ್ಟು ವಿಷ ಸುರಿದ್ರೆ ಕಪ್ಪೆ, ಚಿಟ್ಟೆ, ಜೇನು, ಒಂದೂ ಉಳಿಯಲ್ಲ. ಮಕ್ಕಳು ವರ್ಷವಿಡೀ ಮಾಡಿದ್ದೆಲ್ಲ ಹೋಯ್ತು" ಎಂದರು. ಮಕ್ಕಳು ಮೇಷ್ಟ್ರನ್ನೇ ನೋಡುತ್ತಿದ್ದರು. ಅವರಿಗೆ ಮೇಷ್ಟ್ರ ಮೇಲೆ ತುಂಬ ನಂಬಿಕೆ. ಎಂಥ ಲೆಕ್ಕವಾದರೂ ಕೊನೆಗೆ ಬಿಡಿಸುತ್ತಾರೆ. ಆ ನೋಟ ತಡೆಯಲಾಗದೆ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಚಪ್ಪಲಿ ಜಾರಿದರೂ ಲೆಕ್ಕಿಸದೆ ಗಲ್ಲಿಯ ಕಡೆ ಓಡಿದರು.

ಗಲ್ಲಿಯಲ್ಲಿ ಜಾತ್ರೆ. ಪಕ್ಕದ ಬೀದಿಯ ಇಲಾಖೆ ಆಫೀಸಿನಿಂದ ಔಷಧಿಯ ಗಾಡಿ ಆಗಲೇ ಬಂದು ನಿಂತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಪೈಪು ಬಿಡಿಸುತ್ತಿದ್ದರು. ನಡುವೆ ಬಕೆಟ್ಟು. ಮೇಷ್ಟ್ರು ತಲುಪುವ ಹೊತ್ತಿಗೆ ಗದ್ದಲ ಕೇಳಿ ಹೊರಬಂದಿದ್ದ ಅವರ ಹೆಂಡತಿ ಬಕೆಟ್ಟಿನೊಳಗೆ ಬಗ್ಗಿದ್ದರು. ಅವರು ಹುಳುವನ್ನು ನೋಡಲಿಲ್ಲ, ಬಣ್ಣವನ್ನು ನೋಡಿದರು.

"ಅಯ್ಯೋ, ಇದು ನನ್ನದು!"

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

"ಹುಳ ನಿಮ್ದಾ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಹುಳ ಅಲ್ರೀ, ಬಣ್ಣ! ಮದುಮಗಳಿಗೆ ಅಂತ ತರಿಸಿದ್ದು. ಈ ಬಣ್ಣ ಈ ಊರಲ್ಲಿ ಬೇರೆ ಯಾರ ಹತ್ರಾನೂ ಇಲ್ಲ."

"ಹಾಗಾದ್ರೆ ಮಾರ್ಕು ಹಾಕಿದ್ದು ನೀವೇ. ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಿದ್ದೀರಿ. ಕೇಸಾಗುತ್ತೆ. ಹೆಸರು ಹೇಳಿ" ಎಂದು ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಇದುವರೆಗೆ ಆ ಮಾರ್ಕು ತಮ್ಮ ಮೇಲಿನವರದೆಂದು ತಾವೇ ಹೇಳಿದ್ದು ಅವರಿಗೆ ಮರೆತುಹೋಗಿತ್ತು.

"ನಿಲ್ಲಿ!" ಎಂದರು ಮೇಷ್ಟ್ರು. ಏದುಸಿರು. "ಅವಳಲ್ಲ. ನಾನು. ನಾನೇ ಹಾಕಿದ್ದು. ವಿಷಾನೂ ಇಲ್ಲ, ಏನೂ ಇಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡೋಕೆ ಹಾಕಿದ್ದು. ಬಾಟಲಿ ಕದ್ದೋನೂ ನಾನೇ."

ಕಾರ್ಯದರ್ಶಿಗಳ ಕಣ್ಣು ತುಂಬಿ ಬಂತು.

"ನೋಡಿದ್ರಾ, ಗಂಡ ಅಂದ್ರೆ ಹೀಗಿರಬೇಕು! ಹೆಂಡತಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾರೆ!"

"ಇಲ್ಲ ಸ್ವಾಮಿ, ನಿಜವಾಗ್ಲೂ ನಾನೇ! ಇಗೋ ಬಾಟಲಿ!"

"ಹೆಂಡತಿ ಬಾಟಲಿ ಗಂಡನ ಜೇಬಲ್ಲಿದ್ರೆ ಏನು ಮಹಾ? ಜಿರಲೆ ಕಂಡ್ರೆ ಸ್ಟೂಲು ಹತ್ತೋ ಮನುಷ್ಯ ನೀವು. ಆ ಕೂಗು ನಮ್ಮನೆವರೆಗೂ ಕೇಳ್ಸುತ್ತೆ. ನೀವು ಹುಳ ಮುಟ್ಟಿದ್ರಿ ಅಂದ್ರೆ ಯಾರು ನಂಬ್ತಾರೆ?"

ಗಲ್ಲಿಯವರೆಲ್ಲ ತಲೆಯಾಡಿಸಿದರು. ಮೇಷ್ಟ್ರು ಆಸರೆಗಾಗಿ ಹೆಂಡತಿಯ ಕಡೆ ನೋಡಿದರು. ಆಕೆಯೂ ತಲೆಯಾಡಿಸಿ, "ಇವರ ಕೈಲಿ ಆಗೋ ಕೆಲಸ ಅಲ್ಲ ಬಿಡಿ" ಎಂದರು.

ಪೈಪಿನವನು ನಲ್ಲಿಗೆ ಕೈ ಹಾಕಿದ. ಮೇಷ್ಟ್ರು ಕಾರ್ಯದರ್ಶಿಗಳ ಕುಂಡದ ಬಳಿ ಹೋದರು. ಗುಲಾಬಿ ಗಿಡದ ಎಲೆಯ ಮೇಲೆ ಮಾರ್ಕಿಲ್ಲದ ದೊಡ್ಡದೊಂದು ಬಸವನಹುಳು ಆರಾಮವಾಗಿ ಕೂತಿತ್ತು. ಮೇಷ್ಟ್ರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲಿ ಗೆರೆ ಎಳೆಯಲು ಬರುವುದಿಲ್ಲವೆಂದು ಮತ್ತೆ ತೆರೆದರು. ಎರಡು ಬೆರಳಲ್ಲಿ ಹುಳುವನ್ನು ಎತ್ತಿ ಎಡಗೈಯ ಮೇಲಿಟ್ಟುಕೊಂಡರು. ಅದು ತಣ್ಣಗಿತ್ತು, ಲೋಳೆಯಾಗಿತ್ತು, ಮತ್ತು ನಡೆಯಲು ಶುರುಮಾಡಿತು. ಮೇಷ್ಟ್ರ ಗಂಟಲಿನಿಂದ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವ ಮುನ್ನ ಬರುವಂಥ ಸದ್ದೊಂದು ಬಂತು. ಆದರೂ ಕೈ ಕೊಡವಲಿಲ್ಲ. ಹಲ್ಲಿನಲ್ಲಿ ಬಾಟಲಿಯ ಮುಚ್ಚಳ ತಿರುಗಿಸಿ, ಬ್ರಷ್ಷು ಅದ್ದಿ, ಚಿಪ್ಪಿನ ಮೇಲೆ ಈ ಕಡೆಯಿಂದೊಂದು, ಆ ಕಡೆಯಿಂದೊಂದು ಗೆರೆ ಎಳೆದು, ಅಂಗೈಯನ್ನು ಎಲ್ಲರ ಮುಂದೆ ಹಿಡಿದರು. ಹುಳು ಅಷ್ಟರಲ್ಲಿ ಮಣಿಕಟ್ಟು ದಾಟಿ ಶರ್ಟಿನ ತೋಳಿನ ಕಡೆ ಹೊರಟಿತ್ತು.

ಶಾಲೆಯ ಗೋಡೆಯ ಮೇಲೆ ಸಾಲಾಗಿ ತಲೆಗಳು ಕಾಣಿಸಿಕೊಂಡವು. "ಸರ್, ಶುಕ್ರವಾರಕ್ಕಿಂತ ಚೆನ್ನಾಗಿ ಬಂದಿದೆ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ನಡುವಿನಿಂದ ಮೇಡಂ ಇಣುಕಿ, "ಹೌದು, ನಾನೇ ಬಣ್ಣ ಹಚ್ಚಿ ಅಂದಿದ್ದು! ಚುಕ್ಕೆ ಇಡಿ ಅಂತಲೂ ಅಂದಿದ್ದೆ!" ಎಂದು ಕೂಗಿದರು.

ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿದರು. "ಇದೆಲ್ಲ ನಮ್ಮ ಇಲಾಖೆಗೆ ಮೊದಲೇ ಗೊತ್ತಿತ್ತು. ಜನ ಎಷ್ಟು ಎಚ್ಚರವಾಗಿದ್ದಾರೆ ಅಂತ ನೋಡ್ತಿದ್ವಿ" ಎಂದು ಹೇಳಿ ಗಾಡಿ ಹತ್ತಿದರು. ಗಾಡಿ ಹೋದ ಮೇಲೆ ಹೆಂಡತಿ ಹತ್ತಿರ ಬಂದು, ಮೊಣಕೈವರೆಗೆ ಬಂದಿದ್ದ ಹುಳುವನ್ನು ತೆಗೆದು ಬಕೆಟ್ಟಿಗೆ ಬಿಟ್ಟರು. ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡಿದರು. "ಮದುಮಗಳ ಕೈಗೆ ಸಾಕಾಗುತ್ತೆ. ಕಾಲಿಗೆ ನೀವೇ ಹೋಗಿ ತರಬೇಕು" ಎಂದರು. ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ, "ಜಿರಲೆ ಇನ್ಮೇಲೆ ನಿಮ್ಮ ಖಾತೆ" ಎಂದೂ ಸೇರಿಸಿದರು. ಮೇಷ್ಟ್ರು ಅದಕ್ಕೆ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ; ಅವರು ಎಡಗೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತಿದ್ದರು.

ಬಕೆಟ್ಟಿನ ಹುಳುಗಳನ್ನು ಈ ಸಲ ಮೇಡಂ ಹೇಳಿದಂತೆಯೇ ತೋಟದ ಮೂಲೆ ಮೂಲೆಗೆ ಹರಡಿ ಬಿಡಲಾಯಿತು. ಕಿಂಡಿಗೆ ಜಾಲರಿ ಬಂತು. ಎರಡು ದಿನ ಬೆರೆಯಲು ಬಿಟ್ಟು ಮತ್ತೆ ಹಿಡಿಯುವ ಹೊತ್ತಿಗೆ ಗಲ್ಲಿಯವರೂ ಬಂದು ಸೇರಿದರು. ಕಾರ್ಯದರ್ಶಿಗಳಂತೂ ಪಂಚೆ ಎತ್ತಿ ಕಟ್ಟಿ, ಬೇಲಿಯ ಕೆಳಗೆ ಅಂಬೆಗಾಲಿಟ್ಟು, "ಇಲ್ಲೊಂದಿದೆ ಮೇಷ್ಟ್ರೇ! ಇಂಟು ಇರೋದು!" ಎಂದು ಮಕ್ಕಳಿಗಿಂತ ಜೋರಾಗಿ ಕೂಗುತ್ತಿದ್ದರು. ಇಂಟು ಇದ್ದವು ಈ ಸಲ ಸಿಕ್ಕವು. ಕೆಲವೇ ಕೆಲವು, ಸಿಗಬೇಕಾದಷ್ಟೇ. ಮುಂದಿನ ಬೆಂಚಿನ ಹುಡುಗಿ ಬೋರ್ಡಿನ ಮೇಲೆ ಗುಣಿಸಿದಳು, ಭಾಗಿಸಿದಳು. ಮುನ್ನೂರ ಇಪ್ಪತ್ತು ಬಂತು. ಇಷ್ಟೇ ಆದರೆ ವಿಷ ಬೇಡ, ಕೈಯಲ್ಲೇ ಆರಿಸಿ ಗೊಬ್ಬರದ ಗುಂಡಿಯ ಕಡೆ ಬಿಟ್ಟರೆ ಟೊಮೇಟೊ ಉಳಿಯುತ್ತದೆ ಎಂದರು ಮೇಡಂ. ಪ್ರಿನ್ಸಿಪಾಲರು ಬೆಸುಗೆ ಪೂರ್ಣಗೊಂಡಿತೆಂದು ಮೇಲಕ್ಕೆ ವರದಿ ಬರೆಯಲು ಓಡಿದರು.

ಕಾರ್ಯದರ್ಶಿಗಳು ಮಾತ್ರ ಬೋರ್ಡಿನ ಮುಂದೆ ಮಂಕಾಗಿ ನಿಂತಿದ್ದರು.

"ಇಷ್ಟೇನಾ ಮೇಷ್ಟ್ರೇ?"

"ಇಷ್ಟೇ."

"ಸ್ವಲ್ಪ ಜಾಸ್ತಿ ಮಾಡೋಕಾಗಲ್ವಾ? ನಾನು ಬೀಗರಿಗೆ ಅನಂತ ಅಂತ ಹೇಳಿಬಿಟ್ಟಿದ್ದೀನಿ."

ಸಂಖ್ಯೆಯನ್ನು ಯಾರ ಬೀಗರಿಗಾಗಿಯೂ ಬದಲಾಯಿಸಲಾಗುವುದಿಲ್ಲವೆಂದು ಮೇಷ್ಟ್ರು ಮೆಲ್ಲಗೆ ತಿಳಿಸಿ ಹೇಳಿದರು. ಕಾರ್ಯದರ್ಶಿಗಳು ಭಾರವಾದ ಹೆಜ್ಜೆ ಇಡುತ್ತ ಕಾರಿಡಾರಿಗೆ ಹೋದರು. ತುಸು ಹೊತ್ತು ಯೋಚಿಸಿದರು. ಅವರ ಮುಖ ಅರಳಿತು. ಫೋನು ತೆಗೆದರು. ಅವರ ದನಿ ತರಗತಿಯವರೆಗೂ ಖಣಖಣ ಕೇಳಿಸಿತು.

"ಹಲೋ, ಬೀಗರೇ? ಹ್ಞೂಂ, ಅದೇ ವಿಷಯ. ಅನಂತ ಇತ್ತಲ್ಲ? ನಾವು ಗಲ್ಲಿಯವರೆಲ್ಲ ಸೇರಿ ಮುನ್ನೂರ ಇಪ್ಪತ್ತಕ್ಕೆ ಇಳಿಸಿದ್ದೀವಿ... ಹೌದ್ರೀ, ಎರಡೇ ದಿನದಲ್ಲಿ!"

ಮೇಷ್ಟ್ರು ತಿದ್ದಲು ಬಾಯಿ ತೆರೆದರು. ಯೋಚಿಸಿ, ಮುಚ್ಚಿದರು.